ರೊಟ್ಟಿ ಬಡಿಸುತ್ತ ಕೇಳಿದ ಪ್ರಶ್ನೆ

ವಿಮಾನ ನಿಲ್ದಾಣ

ವಾಡಿ ಜಂಕ್ಷನ್ನಿನಲ್ಲಿ ಟಿ.ಸಿ. ಆಗಿರುವ ನನಗೆ ಮುಖ ನೋಡಿದರೆ ಸಾಕು, ಯಾರ ಹತ್ತಿರ ಟಿಕೆಟ್ ಇದೆ, ಯಾರ ಹತ್ತಿರ ಇಲ್ಲ ಎಂಬುದು ಗೊತ್ತಾಗುತ್ತದೆ. ಇದ್ದವರು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಇಲ್ಲದವರು ನಗುತ್ತಾರೆ. ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಹೆಣ್ಣುಮಗಳ ಮುಂದೆ ನಿಂತಾಗ ನಾನು ಹಲ್ಲು ಕಿರಿದು ನಗುತ್ತಿದ್ದೆ.

ತಪ್ಪು ಮಾಡಿದ್ದೆ ಎಂದಲ್ಲ. ಬ್ಯಾಗಿನಲ್ಲಿ ನನ್ನ ಅವ್ವ ಕಟ್ಟಿಕೊಟ್ಟ ಜೋಳದ ಖಡಕ್ ರೊಟ್ಟಿಯ ಗಂಟಿತ್ತು, ಜೊತೆಗೆ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ ಡಬ್ಬಿ. ಯಂತ್ರದ ಪರದೆಯ ಮೇಲೆ ರೊಟ್ಟಿಗಳು ಒಂದರ ಮೇಲೊಂದು ಪೇರಿಸಿಟ್ಟ ಬಿಲ್ಲೆಗಳ ಹಾಗೆ ಕಂಡಿರಬೇಕು. ಆಕೆ ಗಂಟು ಬಿಚ್ಚಿಸಿದಳು. ಒಂದನ್ನು ಎತ್ತಿ ಬೆರಳಿನಿಂದ ಬಡಿದಳು. ಟಣ್ ಅಂದಿತು. ‘ಇದೇನು?’ ಎಂದಳು. ‘ಬ್ರೆಡ್’ ಎಂದೆ. ನನ್ನನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು, ಮತ್ತೊಮ್ಮೆ ಬಡಿದಳು. ಕೊನೆಗೆ ನಾನೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಬೇಕಾಯಿತು. ಪಕ್ಕದ ಸಾಲಿನವರೆಲ್ಲ ತಿರುಗಿ ನೋಡಿದರು. ಶಹಾಬಾದಿನ ಪರ್ಸಿಕಲ್ಲು ಕಡಿದು ತಿನ್ನುವವನು ಬಂದಿದ್ದಾನೆ ಎಂದುಕೊಂಡರೋ ಏನೋ.

ಬಂದ ಕೆಲಸ ಏನೆಂದು ಕೇಳಿದಳು. ಹೆಂಡತಿ ಇಲ್ಲಿ ಓದುತ್ತಿದ್ದಾಳೆ, ನೋಡಲು ಬಂದೆ ಎಂದೆ. ‘ಮಗಳೋ?’ ಎಂದು ತಿದ್ದಿದಳು. ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಚಿತ್ತಾಪುರ, ಸೇಡಂ, ವಾಡಿ ಎಲ್ಲ ಕಡೆಯೂ ಜನ ಹಾಗೇ ತಿದ್ದುತ್ತಾರೆ. ನನ್ನ ಹೆಂಡತಿ ಸವಿತಾ ಚಿತ್ತಾಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದ ಮೇಲೆ ಸ್ಕಾಲರ್‌ಶಿಪ್ ಪಡೆದು ಮಿದುಳಿನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಲು ಹೋದಳು. ನಾನು, ನಮ್ಮ ಮಗಳು ಅಂಕಿತಾ, ನನ್ನ ಅವ್ವ ಮೂವರೂ ವಾಡಿಯಲ್ಲಿ ಉಳಿದೆವು.

ಆ ಅಧಿಕಾರಿಗೆ ಹೇಳದ ಇನ್ನೊಂದು ಕೆಲಸವೂ ನನ್ನ ಜೊತೆಗೆ ಬಂದಿತ್ತು. ಹೊರಡುವ ದಿನ ಅವ್ವ ರೊಟ್ಟಿ ಕಟ್ಟುತ್ತ ಹೇಳಿದ್ದಳು: ‘ನೋಡಪಾ, ಆಕಿಗಿ ಓದಿದ್ದು ಸಾಕಾತು ಅಂತ ಹೇಳು. ಕೂಸಿನ ಜಡಿ ಹಾಕಾಕ ನನ್ನ ಕೈಲೆ ಆಗವಲ್ದು. ಈ ಸಲ ಕರ್ಕೊಂಡೇ ಬಾ.’ ನಾನು ಗಂಟು ಎತ್ತಿ ಬ್ಯಾಗಿನಲ್ಲಿಟ್ಟುಕೊಂಡೆ.

ಮೆಟ್ರೊ

ಮಾಂಟ್ರಿಯಲ್ಲಿನ ಮೆಟ್ರೊದಲ್ಲಿ ಓಡಾಡಿದಷ್ಟು ದಿನ ಒಬ್ಬರೂ ನನ್ನ ಟಿಕೆಟ್ ಕೇಳಲಿಲ್ಲ. ಕೇಳುವವರು ಇದ್ದಾರಂತೆ, ಆದರೆ ಅಪರೂಪವಂತೆ. ಬಾಗಿಲಲ್ಲಿ ಕಾರ್ಡು ತಾಗಿಸಿ ಒಳಗೆ ಹೋದರೆ ಮುಗಿಯಿತು. ನನಗೆ ಕಸಿವಿಸಿಯಾಗುತ್ತಿತ್ತು. ಎರಡನೆಯ ದಿನವೇ ಎದುರಿಗೆ ಕೂತ ಒಬ್ಬ ತರುಣ ನನ್ನನ್ನು ನೋಡಿ ನಕ್ಕ. ನನ್ನ ಕೈ ತಾನಾಗಿ ಮುಂದೆ ಚಾಚಿತು. ಸವಿತಾ ಅದನ್ನು ಹಿಡಿದು ಕೆಳಗಿಳಿಸಿ, ‘ಇಲ್ಲಿ ಮಂದಿ ಸುಮ್‌ಸುಮ್ಕೇನೂ ನಗ್ತಾರ್ರಿ. ಕೈ ಕೆಳಗ ಇಟ್ಕೊಂಡು ಕುಂದ್ರಿ’ ಎಂದಳು.

ಆ ಊರಿನ ಹಳೆಯ ಮನೆಗಳಿಗೆ ಮೆಟ್ಟಿಲು ಹೊರಗಡೆ ಇರುತ್ತದೆ. ಕಬ್ಬಿಣದ ಮೆಟ್ಟಿಲು, ಕೆಲವು ಕಡೆ ಜಿಲೇಬಿಯ ಹಾಗೆ ಸುತ್ತಿಕೊಂಡಿರುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬಿದ್ದು ಗಾಜಾಗುತ್ತದೆ. ಇಷ್ಟು ಬುದ್ಧಿವಂತ ಜನ ಇದನ್ನು ಯಾಕೆ ಹೊರಗೆ ಕಟ್ಟಿದರು ಎಂದು ಹಲವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು, ನನಗೆ ಯಾವುದೂ ಪೂರಾ ನಂಬಿಕೆ ಬರಲಿಲ್ಲ. ಏಪ್ರಿಲ್ ಹತ್ತಿರವಾದರೂ ರಸ್ತೆಯ ಬದಿಗೆ ಹಿಮದ ಗುಡ್ಡೆಗಳು ಕರಗದೆ ಬಿದ್ದಿದ್ದವು. ಬಿಳಿ ಬಣ್ಣ ಹೋಗಿ ನಮ್ಮ ಕಡೆಯ ಆದಿತ್ಯನಗರದ ಕಾರ್ಖಾನೆಯ ಸುತ್ತ ಗಿಡಗಳ ಮೇಲೆ ಕೂಡುವ ಸಿಮೆಂಟ್ ದೂಳಿನ ಬಣ್ಣ ಬಂದಿತ್ತು. ಅದನ್ನು ನೋಡಿದಾಗ ಮಾತ್ರ ಊರು ಸ್ವಲ್ಪ ಪರಿಚಯದ್ದು ಅನ್ನಿಸಿತು.

ಇನ್ನೊಂದು ವಿಷಯ ನನಗೆ ಬಹಳ ಮೆಚ್ಚುಗೆಯಾಯಿತು. ಮನೆಯೊಳಗೆ ಬರುವಾಗ ಎಲ್ಲರೂ ಬೂಟು ಕಳಚಿಟ್ಟು ಬರುತ್ತಾರೆ. ಯಾರದೇ ಮನೆಗೆ ಹೋದರೂ ಬಾಗಿಲ ಬಳಿ ಬೂಟುಗಳ ರಾಶಿ. ವಿದೇಶದವರು ಮಂಚದ ಮೇಲೂ ಬೂಟು ಹಾಕಿಕೊಂಡೇ ಮಲಗುತ್ತಾರೆ ಎಂದು ವಾಡಿಯಲ್ಲಿ ನನಗೆ ಹೇಳಿದವನಿಗೆ ಈ ಮಾತು ಮುಟ್ಟಿಸಬೇಕು ಎಂದುಕೊಂಡೆ.

ಅಡುಗೆಮನೆ

ಸವಿತಾ ಒಂದು ಚಿಕ್ಕ ಮನೆಯಲ್ಲಿ ಪೌಲಾ ಎಂಬ ಬ್ರೆಜಿಲಿನ ಹುಡುಗಿಯ ಜೊತೆ ಇದ್ದಳು. ಪೌಲಾ ಅದೇ ವಿಭಾಗದಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಳು. ಪಿಎಚ್‌ಡಿ ಅಂದರೆ ಒಂದು ಪ್ರಯೋಗಶಾಲೆಯಲ್ಲಿ ಕೂತು ದಪ್ಪ ಪುಸ್ತಕ ಬರೆದು ಎದ್ದು ಬರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ಬಿಡಿಸಿ ಹೇಳಿದವಳು ಪೌಲಾ. ಮೊದಲು ಕೋರ್ಸುಗಳನ್ನು ಮುಗಿಸಬೇಕು. ಒಂದು ನರಕೋಶಗಳದು, ಅದು ಕೋಶ ಹೇಗೆ ಮಾತಾಡುತ್ತದೆ ಎಂಬ ಪಾಠ. ಇನ್ನೊಂದು ಇಡೀ ಮಿದುಳಿನದು, ನೋಡುವುದು ಕೇಳುವುದು ನೆನಪಿಡುವುದು ಹೇಗೆ ಎಂಬುದು. ಮತ್ತೊಂದರಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ಭಾಗಗಳ ಹೆಸರು ಹೇಳಬೇಕು. ಸಂಖ್ಯಾಶಾಸ್ತ್ರ ಬೇರೆ. ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ಪ್ರಯೋಗ ಮಾಡುವಾಗ ಏನು ಮಾಡಬಾರದು ಎಂಬುದಕ್ಕೂ ಒಂದು ಕೋರ್ಸು. ಕೊನೆಗೆ ಸೆಮಿನಾರು. ಇವನ್ನೆಲ್ಲ ದಾಟಿದ ಮೇಲೆ ಒಂದು ದೊಡ್ಡ ಪರೀಕ್ಷೆ, ಆಮೇಲೆ ದಪ್ಪ ಪುಸ್ತಕದ ಮಾತು.

ನನಗೆ ಇದೆಲ್ಲ ವಿಚಿತ್ರ ಕುತೂಹಲ ಹುಟ್ಟಿಸಿತು. ಸವಿತಾ ಹೂಕೋಸು ಹೆಚ್ಚುವ ಮೊದಲು ಅದನ್ನು ಅಂಗೈಯಲ್ಲಿಟ್ಟುಕೊಂಡು ಮಿದುಳಿನ ಭಾಗಗಳನ್ನು ತೋರಿಸುತ್ತಿದ್ದಳು. ‘ಇಲ್ಲಿ ನೋಡ್ರಿ, ಒಳಗ ಇಲ್ಲಿ ಹಿಪೊಕ್ಯಾಂಪಸ್ ಇರ್ತದ. ಹೊಸ ನೆನಪು ಕೂಡಸೋದು ಇದರ ಕೆಲಸ.’ ಮರುದಿನ ನಾನು ಟಿ.ಸಿ. ಗತ್ತಿನಲ್ಲಿ ಹೂಕೋಸಿನ ಮೇಲೆ ಬೆರಳಿಟ್ಟು ಹೆಸರು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಒಂದು ಹೆಸರೂ ತಪ್ಪಲಿಲ್ಲ. ಪಲ್ಯ ಮಾತ್ರ ದಿನಾ ಅದೇ.

ಅವಳಿಗೆ ಈ ಹುಚ್ಚು ಹತ್ತಿದ್ದು ಅವಳಪ್ಪನಿಂದ. ನನ್ನ ಮಾವ ಕಾಗಿಣಾ ದಂಡೆಯ ಊರಿನವರು, ಹೊಳೆಯಲ್ಲಿ ಬಲೆ ಬೀಸಿಕೊಂಡು, ಬೇಸಿಗೆಯಲ್ಲಿ ಹೊಲ ನೋಡಿಕೊಂಡು ಬದುಕಿದವರು. ಪಾರ್ಶ್ವವಾಯು ಹೊಡೆದ ಮೇಲೆ ಹೆಣ್ಣುಮಕ್ಕಳ ಹೆಸರು ಮರೆತರು. ಆದರೆ ಹರಿದ ಬಲೆ ಕೈಗೆ ಕೊಟ್ಟರೆ ಒಂದು ಗಂಟೂ ತಪ್ಪದೆ ಹೆಣೆಯುತ್ತಿದ್ದರು. ಮಗಳನ್ನು ಮರೆತ ತಲೆ ಬಲೆಯನ್ನು ಯಾಕೆ ಮರೆಯಲಿಲ್ಲ ಎಂದು ಇವಳು ಕೇಳುತ್ತಲೇ ಇದ್ದಳು. ಕಲಬುರಗಿಯ ಡಾಕ್ಟರರು ತಾಳ್ಮೆಯಿಂದಲೇ ಉತ್ತರ ಹೇಳಿದರು. ಇವಳಿಗೆ ಅದು ಸಾಲಲಿಲ್ಲ.

ತೊಡಕು ಇದ್ದದ್ದು ಸೆಮಿನಾರಿನಲ್ಲಿ. ಮೊದಲ ಟರ್ಮಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಇವಳಿಗೆ ಬೇಕಾದಷ್ಟು ದರ್ಜೆ ಬಂದಿರಲಿಲ್ಲ. ಇನ್ನೊಂದು ಕೋರ್ಸಿನಲ್ಲಿ ಹಾಗಾದರೆ ಪ್ರೋಗ್ರಾಮು ಬಿಟ್ಟು ಹೋಗಬೇಕು, ಅದು ಅಲ್ಲಿನ ನಿಯಮ. ಉಳಿದವೆಲ್ಲ ಚೆನ್ನಾಗಿ ನಡೆದಿದ್ದವು. ಸೆಮಿನಾರು ಮಾತ್ರ ಸರಿಹೋಗಿರಲಿಲ್ಲ. ವಾರಕ್ಕೊಂದು ಸಂಶೋಧನಾ ಲೇಖನ ಓದಿ ಬಂದು, ಮೇಜಿನ ಸುತ್ತ ಕೂತು, ಅದರಲ್ಲಿ ಏನು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೇ ಅಂಕ. ನನ್ನ ಹೆಂಡತಿ ಇಡೀ ಟರ್ಮು ಅಲ್ಲಿ ಬಾಯಿ ತೆಗೆದಿರಲಿಲ್ಲ. ಒಮ್ಮೆ ಪ್ರೊಫೆಸರರೇ ಹೆಸರು ಹಿಡಿದು ಕೇಳಿದಾಗ, ‘ಲೇಖನ ಬಹಳ ಚೆನ್ನಾಗಿದೆ ಸರ್’ ಎಂದಿದ್ದಳಂತೆ. ಆ ಪ್ರೊಫೆಸರರ ಹೆಸರು ಲ್ಯೂಕ್. ಎಲ್ಲ ವಿದ್ಯಾರ್ಥಿಗಳೂ ಅವರನ್ನು ಲ್ಯೂಕ್ ಎಂದೇ ಕರೆಯುತ್ತಾರೆ. ನಮ್ಮವಳಿಗೆ ಅದೂ ಆಗಿರಲಿಲ್ಲ.

ಉಳಿದಿದ್ದು ಕೊನೆಯ ತರಗತಿ ಒಂದೇ, ಅದಕ್ಕೇ ಹೆಚ್ಚು ಅಂಕ. ಲ್ಯೂಕ್ ಪ್ರತಿವರ್ಷ ಆ ದಿನ ತಮ್ಮದೇ ಹಳೆಯ ಲೇಖನವೊಂದನ್ನು ಹುಡುಗರ ಮುಂದಿಟ್ಟು, ಹರಿದು ಹಾಕಿರಿ ಎನ್ನುತ್ತಾರಂತೆ. ಇಲಿಗಳ ಪ್ರಯೋಗ. ಪೆಟ್ಟಿಗೆಯ ಯಾವ ಮೂಲೆಯಲ್ಲಿ ಕಾಳು ಇದೆ ಎಂಬುದನ್ನು ಇಲಿಗಳಿಗೆ ಕಲಿಸುತ್ತಾರೆ. ಆಮೇಲೆ ಕೆಲವನ್ನು ಮಲಗಲು ಬಿಡುತ್ತಾರೆ, ಕೆಲವನ್ನು ನಿದ್ದೆಗೆಡಿಸುತ್ತಾರೆ. ಮಲಗಿದ್ದ ಇಲಿಗಳು ನೇರ ಆ ಮೂಲೆಗೆ ಓಡುತ್ತವೆ. ನಿದ್ದೆಗೆಟ್ಟವು ಓಡುವುದಿಲ್ಲ. ನಿದ್ದೆ ಇಲ್ಲದೆ ನೆನಪು ಅಳಿಸಿಹೋಯಿತು ಎಂಬುದು ಲ್ಯೂಕರ ತೀರ್ಮಾನ.

ಆ ಲೇಖನ ಓದಿದ ದಿನ ಸಂಜೆ ಸವಿತಾ ನನಗೆ ಬಡಿಸುತ್ತಿದ್ದಳು. ತಟ್ಟೆಗೆ ಎರಡನೆಯ ರೊಟ್ಟಿ ಹಾಕುತ್ತ ಒಮ್ಮೆಲೇ ಶುರು ಮಾಡಿದಳು. ‘ಇಲಿ ಹಗಲ ಮಲಗ್ತದ, ನಿಮ್ಮಂಗ. ನೈಟ್ ಡ್ಯೂಟಿ ಮಾಡಿ ಬಂದಾಗ ನೀವು ಊಟ ಬ್ಯಾಡ ಅಂತಿದ್ರಿ. ಅಂದ್ರ ನಿಮಗ ಅಡಗಿ ಮನಿ ಎಲ್ಲದ ಅಂಬೋದೇ ಮರತದ ಅಂತ ತಿಳೀಲೇನು? ಸ್ಟೇಷನ್ನಾಗ ಮಿರ್ಚಿ ಭಜಿ ಹೊಡದು ಬಂದಿರ್ತಿದ್ರಿ. ಎಚ್ಚರಿದ್ದವ ಸುಮ್ಕ ಕುಂದರ್ತಾನೇನು? ಮುಂದ ಕಾಳಿದ್ರ ತಿಂತಾನ. ಆ ನಿದ್ದಿಗೆಟ್ಟ ಇಲಿ ಮರತಿಲ್ಲರಿ, ಅದರ ಹೊಟ್ಟಿ ತುಂಬ್ಯದ.’

ನನ್ನ ಬಾಯಲ್ಲಿ ತುತ್ತಿತ್ತು, ಉತ್ತರ ಕೊಡಲಾಗಲಿಲ್ಲ. ಅವಳ ತವರಿನ ಪದ್ಧತಿಯೇ ಅದು. ಅಲ್ಲಿ ಹೆಂಗಸರು ಗಂಡಸರೆದುರು ವಾದ ಮಾಡುವುದಿಲ್ಲ ಎಂದು ಮದುವೆಯಾದ ಹೊಸದರಲ್ಲಿ ನಾನು ನಂಬಿದ್ದೆ. ಮಾಡುತ್ತಾರೆ, ಬಡಿಸುವಾಗ. ಮಾವ ಒಮ್ಮೆ ಹೊಳೆದಂಡೆಯ ಹೊಲ ಮಾರುತ್ತೇನೆಂದು ಊರಿಗೆಲ್ಲ ಹೇಳಿ ಬಂದು ಊಟಕ್ಕೆ ಕೂತರು. ಅತ್ತೆ ರೊಟ್ಟಿ ಹಾಕುತ್ತ, ‘ಮಾರ್ರಿ, ಮಾರಿ ಮುಂದ ಏನ್ ತಿಂತೀರಿ?’ ಎಂದರು. ಪಲ್ಯ ಹಾಕುತ್ತ ಇನ್ನೊಂದು ಕೇಳಿದರು. ಕೈ ತೊಳೆಯುವ ಹೊತ್ತಿಗೆ ಮಾರಾಟ ನಿಂತಿತ್ತು. ಆ ಹೊಲ ಇವತ್ತಿಗೂ ಇದೆ.

ತುತ್ತು ನುಂಗಿ ಹೇಳಿದೆ: ‘ಇದನ್ನೇ ಅಲ್ಲಿ ಹೇಳು.’

‘ಅಲ್ಲಿ ಬಾಯೇ ಬರಂಗಿಲ್ರಿ. ಅವರು ಹಿರ್ಯಾರು. ಎದುರಿಗಿ ಕುಂತು, ನೀವು ಬರದಿದ್ದು ತಪ್ಪದ ಅಂತ ಹ್ಯಾಂಗ ಅನ್ಲಿ?’

ನಾನು ಮೂರನೆಯ ರೊಟ್ಟಿಗೆ ತಟ್ಟೆ ಚಾಚಿದೆ.

ಸೇಂಟ್ ಲಾರೆನ್ಸ್ ದಂಡೆ

ಒಂದು ಮಧ್ಯಾಹ್ನ ಅವಳು ಓದಲು ಕೂತಾಗ ನಾನೊಬ್ಬನೇ ಹೊಳೆ ನೋಡಲು ಹೋದೆ. ಇವರ ಹೊಳೆಯ ಹೆಸರು ಸೇಂಟ್ ಲಾರೆನ್ಸ್. ನಮ್ಮ ಕಾಗಿಣಾ ಬೇಸಿಗೆಯಲ್ಲಿ ಪರ್ಸಿ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಟ್ಟಿ ನಿಂತುಬಿಡುತ್ತದೆ, ಎಮ್ಮೆ ಇಳಿದರೆ ಮೀನಿಗೆ ಜಾಗ ಇರುವುದಿಲ್ಲ. ಇಲ್ಲಿ ಆಚೆ ದಂಡೆಯ ಮನೆಗಳು ಕಡ್ಡಿಪೆಟ್ಟಿಗೆಯಷ್ಟು ಕಾಣುತ್ತವೆ. ನೀರಿನ ಮೇಲೆ ಮಂಜುಗಡ್ಡೆಯ ಚಪ್ಪಡಿಗಳು ತೇಲಿಹೋಗುತ್ತಿದ್ದವು, ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿದ್ದವು. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕ ಆ ಚಳಿಯಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದ. ಚಳಿ ಹೋಯಿತಲ್ಲ ಎಂದು ನನಗೆ ವಿವರಿಸಿದ. ನಾನು ಎರಡು ಸ್ವೆಟರು ಹಾಕಿಕೊಂಡು ನಡುಗುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅವಳು ಪಾಸಾಗಲಿ ಎಂದು ನನ್ನ ಬಾಯಿ ಹೇಳುತ್ತಿತ್ತು. ಆಗದಿರಲಿ ಎಂದು ಹೊಟ್ಟೆ ಹೇಳುತ್ತಿತ್ತು. ಆಗದಿದ್ದರೆ ಯಾರ ತಪ್ಪೂ ಅಲ್ಲ, ಯಾರೂ ಕರೆಯಬೇಕಿಲ್ಲ, ತಾನಾಗಿ ಮನೆಗೆ ಬರುತ್ತಾಳೆ. ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಅವಳ ದನಿ ಕೇಳುತ್ತದೆ. ಅಂಕಿತಾ ಕನ್ನಡಿಯ ಮುಂದೆ ಎರಡು ಜಡೆಯಲ್ಲಿ ಒಂದನ್ನು ತಾನೇ ಹಾಕಿಕೊಂಡು, ಇನ್ನೊಂದು ಕೂಡದೆ ಅಳುವುದು ನಿಲ್ಲುತ್ತದೆ. ಹೆಂಡತಿ ಬುದ್ಧಿವಂತೆ ಎಂದು ನಾನು ಪ್ಲಾಟ್‌ಫಾರ್ಮಿನ ತುಂಬ ಹೇಳಿಕೊಂಡು ತಿರುಗುತ್ತೇನೆ, ಅದೂ ಸುಳ್ಳಲ್ಲ. ಎರಡೂ ಒಂದೇ ಎದೆಯಲ್ಲಿದ್ದವು. ಮುದುಕ ಐಸ್‌ಕ್ರೀಮು ಮುಗಿಸಿ, ನನಗೆ ಶುಭವಾಗಲಿ ಎಂದು ಎದ್ದು ಹೋದ.

ಆರನೆಯ ಮಹಡಿ

ಸೆಮಿನಾರಿಗೆ ವಾರಕ್ಕೊಬ್ಬರು ತಿನಿಸು ತರಬೇಕೆಂಬ ವಾಡಿಕೆ ಇದೆ. ತಂದವರು ಡಬ್ಬಿಯ ಮುಚ್ಚಳ ತೆಗೆದು ಮೇಜಿನ ನಡುವೆ ಇಟ್ಟು ಕೂತುಬಿಡುತ್ತಾರೆ. ಬೇಕಾದವರು ಕೈ ಚಾಚಿ ತೆಗೆದುಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಕೊನೆಯ ವಾರದ ಪಾಳಿ ಸವಿತಾಳದು. ಕೊನೆಯ ತರಗತಿಗೆ ಮನೆಯವರೂ ಬರಬಹುದು ಎಂದು ಪೌಲಾ ಹೇಳಿದ್ದರಿಂದ ರೊಟ್ಟಿಯ ಗಂಟು ಹೊತ್ತವನು ನಾನು. ಆರನೆಯ ಮಹಡಿಯ ಆ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಹತ್ತು ಹನ್ನೆರಡು ಹುಡುಗ ಹುಡುಗಿಯರು, ತಲೆಯ ಕಡೆ ಲ್ಯೂಕ್. ಎತ್ತರದ, ಬಗ್ಗಿದ ಬೆನ್ನಿನ ಮನುಷ್ಯ. ಮೊಣಕೈ ಹತ್ತಿರ ಸ್ವೆಟರು ಹರಿದಿತ್ತು. ಗೋಡೆಗೆ ತಾಗಿಸಿ ನನಗೊಂದು ಕುರ್ಚಿ ಹಾಕಿಕೊಟ್ಟರು.

ಚರ್ಚೆ ಶುರುವಾಯಿತು. ಒಬ್ಬ ಹುಡುಗ ಕುರ್ಚಿಯಲ್ಲಿ ಒರಗಿಕೊಂಡೇ, ಈ ಚಿತ್ರ ಸರಿಯಿಲ್ಲ ಲ್ಯೂಕ್ ಎಂದ. ಈಗ ಬೈಗುಳ ಬೀಳುತ್ತದೆ ಎಂದು ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಲ್ಯೂಕ್ ಮಾತ್ರ ಖುಷಿಯಿಂದ ತಲೆಯಾಡಿಸಿದರು. ಒಬ್ಬರಾದ ಮೇಲೊಬ್ಬರು ಮಾತಾಡಿದರು. ಸವಿತಾ ತಲೆ ತಗ್ಗಿಸಿ ಕೂತಿದ್ದಳು. ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ ಮೇಜಿನ ನಡುವೆ ತೆರೆದಿದ್ದವು. ಯಾರೂ ಮುಟ್ಟಲಿಲ್ಲ. ಅದು ತಿನ್ನುವ ವಸ್ತು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಪ್ಲೇಟು ಎಂದುಕೊಂಡರೋ ಏನೋ.

ಸವಿತಾ ಆ ಗಂಟನ್ನೇ ನೋಡುತ್ತಿದ್ದಳು. ತಂದ ಅನ್ನ ಮುಂದಿದೆ, ಬಂದವರು ಖಾಲಿ ಕೈಯಲ್ಲಿ ಕೂತಿದ್ದಾರೆ. ಇದನ್ನು ನಮ್ಮ ಕಡೆಯ ಹೆಣ್ಣುಮಗಳು ಎಷ್ಟು ಹೊತ್ತು ತಾಳುತ್ತಾಳೆ? ಲ್ಯೂಕ್ ಏನೋ ವಿವರಿಸುತ್ತಿದ್ದಾಗಲೇ ಎದ್ದುಬಿಟ್ಟಳು. ನೋಡಲು ಬಂದು ಪಕ್ಕದಲ್ಲಿ ಕೂತಿದ್ದ ಪೌಲಾ ಅವಳ ತೋಳು ಹಿಡಿದು ಕೂರಿಸಲು ನೋಡಿದಳು. ನಡುವೆ ಎದ್ದು ಬಡಿಸುವುದು ಅಲ್ಲಿನ ರೀತಿಯಲ್ಲ. ಇವಳು ತೋಳು ಬಿಡಿಸಿಕೊಂಡಳು. ರೊಟ್ಟಿ ಮುರಿದು, ಅದರ ಮೇಲೆ ಹಿಂಡಿ ಹಾಕಿ, ಕಾಗದದ ತಟ್ಟೆಯಲ್ಲಿ ಒಬ್ಬೊಬ್ಬರ ಕೈಗೇ ಕೊಡುತ್ತ ಮೇಜಿನ ಸುತ್ತ ನಡೆದಳು. ಕೋಣೆಯ ತುಂಬ ಕಟಕಟ ಸಪ್ಪಳ. ಲ್ಯೂಕ್ ಅರ್ಧ ಮಾತಿಗೆ ನಿಲ್ಲಿಸಿ ತಾವೂ ತಿಂದರು. ಸಾಕು, ಚೆನ್ನಾಗಿದೆ ಎಂದರು. ಸವಿತಾ ಅವರ ಕುರ್ಚಿಯ ಹಿಂದೆ ನಿಂತು ಇನ್ನೊಂದು ರೊಟ್ಟಿ ತಟ್ಟೆಗೆ ಹಾಕಿದಳು. ನನಗೆ ಗೊತ್ತಾಯಿತು, ಇನ್ನು ಈ ಮನುಷ್ಯನ ಕತೆ ಮುಗಿಯಿತು.

‘ಒಂದು ಕೇಳಲೇ ಸರ್,’ ಎಂದಳು ಇಂಗ್ಲಿಷಿನಲ್ಲಿ. ‘ನಿದ್ದೆಗೆಡಿಸುವ ಹೊತ್ತಿನಲ್ಲಿ ಇಲಿಗಳ ಮುಂದೆ ಕಾಳು ಇತ್ತೇ?’

ಲ್ಯೂಕರ ಬಾಯಲ್ಲಿ ರೊಟ್ಟಿ. ಹೌದೆಂದು ತಲೆಯಾಡಿಸಿದರು.

‘ಹಾಗಾದರೆ ಎಚ್ಚರಿದ್ದಷ್ಟು ಹೊತ್ತೂ ತಿಂದಿರುತ್ತವೆ. ಹೊಟ್ಟೆ ತುಂಬಿದ ಇಲಿ ಕಾಳಿನ ಮೂಲೆಗೆ ಯಾಕೆ ಓಡಬೇಕು? ಅದು ಮರೆತಿದೆ ಎಂದು ನಿಮಗೆ ಹೇಗೆ ಗೊತ್ತು?’ ಇಷ್ಟು ಹೇಳಿ ಮತ್ತಷ್ಟು ಹಿಂಡಿ ಹಾಕಿದಳು.

ಅವ್ವನ ಹಿಂಡಿಗೆ ಖಾರ ಜಾಸ್ತಿ. ಲ್ಯೂಕರ ಕಣ್ಣಲ್ಲಿ ನೀರು ಬಂತು. ಯಾರೋ ನೀರು ಕೊಟ್ಟರು. ಅಷ್ಟರೊಳಗೆ ಅವಳು ಎರಡನೆಯದನ್ನೂ ಕೇಳಿದ್ದಳು, ಕಾಳಿನ ಬದಲು ಬೇರೆ ಏನನ್ನಾದರೂ ಅಡಗಿಸಿ ನೋಡಬಹುದಿತ್ತಲ್ಲ ಎಂದು. ಲ್ಯೂಕ್ ನೀರು ಕುಡಿದು, ಸುಧಾರಿಸಿಕೊಂಡು, ಲೇಖನದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಕೋಣೆಯಲ್ಲಿ ಯಾರೂ ಅಗಿಯುತ್ತಿರಲಿಲ್ಲ. ‘ಅವು ಎಷ್ಟು ತಿಂದವು ಎಂದು ನಾವು ತೂಗಿರಲಿಲ್ಲ’ ಎಂದರು ಕೊನೆಗೆ. ಆಮೇಲೆ ಕುರ್ಚಿಯನ್ನೇ ತಿರುಗಿಸಿ ಅವಳ ಕಡೆ ಮುಖ ಮಾಡಿ ಕೂತರು. ‘ಮುಂದೆ ಹೇಳಿ. ಇಡೀ ಟರ್ಮು ನೀವು ಎಲ್ಲಿದ್ದಿರಿ?’

ಅವಳು ಮುಂದೆ ಹೇಳಿದಳು. ಎಲ್ಲರೂ ಸೇರಿ ಆ ಪ್ರಯೋಗವನ್ನು ಮತ್ತೆ ಮಾಡುವುದಾದರೆ ಹೇಗೆ ಮಾಡಬೇಕೆಂದು ಬೋರ್ಡಿನ ಮೇಲೆ ಬರೆಯತೊಡಗಿದರು, ಸೀಮೆಸುಣ್ಣ ಅವಳ ಕೈಯಲ್ಲಿತ್ತು. ನಾನು ಗೋಡೆಗೆ ಒರಗಿ ಕೂತಿದ್ದೆ. ಇವಳು ಇನ್ನು ಈಗಲೇ ಊರಿಗೆ ಬರುವುದಿಲ್ಲ ಎಂದು ಅಲ್ಲೇ ತಿಳಿಯಿತು. ಹೆಮ್ಮೆಪಟ್ಟೆ, ದುಃಖವೂ ಆಯಿತು. ಪೌಲಾ ತಿರುಗಿ ನೋಡಿದಾಗ, ಹಿಂಡಿ ಖಾರ ಎಂದು ಕಣ್ಣೊರೆಸಿಕೊಂಡೆ. ನಾನು ಇನ್ನೂ ತಿಂದೇ ಇರಲಿಲ್ಲ.

ಬಸ್ ನಿಲ್ದಾಣ

ನಾನು ಹೊರಡುವ ಹಿಂದಿನ ದಿನ ದರ್ಜೆ ಬಂತು. ಬೇಕಾದದ್ದಕ್ಕಿಂತ ಹೆಚ್ಚೇ ಬಂದಿತ್ತು. ಅವಳು ವಾಡಿಗೆ ಫೋನು ಮಾಡಿ ಅಂಕಿತಾಳಿಗೆ ಹೇಳಿದಳು. ಅಂಕಿತಾ, ‘ಹಂಗಾರ ಬರಂಗಿಲ್ಲೇನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡೂ ಜಡೆ ತಾನೇ ಹಾಕಿಕೊಂಡದ್ದನ್ನು ಕ್ಯಾಮೆರಾದ ಮುಂದೆ ತಿರುಗಿ ತೋರಿಸಿದಳು. ಒಂದು ಮೇಲಿತ್ತು, ಒಂದು ಕೆಳಗಿತ್ತು. ಅವ್ವ ಫೋನಿಗೆ ಬರಲಿಲ್ಲ.

ಮರುದಿನ ವಿಮಾನ ನಿಲ್ದಾಣದ ಬಸ್ಸಿಗೆ ಸವಿತಾ ನನ್ನ ಜೊತೆ ಬಂದು ನಿಂತಳು. ಬಿಸಿಲಿತ್ತು, ಜನ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದರು. ಬೇಸಿಗೆಯಲ್ಲಿ ಎಷ್ಟು ದಿನ ಊರಿಗೆ ಬರಲಾದೀತು, ಚಂದ್ರಂಪಳ್ಳಿಯ ಅಣೆಕಟ್ಟಿನ ಕಡೆ ಎಲ್ಲರೂ ಒಂದು ದಿನ ಹೋಗಿ ಬರೋಣವೇ, ಇಂಥವೇ ಮಾತಾಡಿದೆವು. ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು.

‘ಒಂದ್ ಕೇಳ್ತೀನಿ, ಖರೇ ಹೇಳ್ರಿ. ನಾ ಫೇಲ್ ಆಗ್ಲಿ ಅಂತ ನಿಮಗ ಮನಸ್ನಾಗ ಇತ್ತಲ್ಲ?’

ನಗಲು ನೋಡಿದೆ, ಆಗಲಿಲ್ಲ. ಸುಳ್ಳು ಹೇಳುವವರ ಮುಖ ದಿನಾ ನೋಡುವ ಕೆಲಸ ನನ್ನದು, ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತೆಂದು ನನಗೆ ಗೊತ್ತು.

‘ಇತ್ತು’ ಎಂದೆ.

ಅವಳು ಸಿಟ್ಟಾಗಲಿಲ್ಲ. ನನ್ನ ಸ್ವೆಟರಿನ ಗುಂಡಿ ಹಾಕಿದಳು, ಮತ್ತೆ ಅದನ್ನೇ ಬಿಚ್ಚಿದಳು.

‘ನಂಗೂ ಇತ್ತರಿ,’ ಎಂದಳು. ‘ಆ ದಿನ ರೊಟ್ಟಿ ಕೈಯಾಗ ಹಿಡ್ಕೊಂಡು ಏಳೋ ತನಕ ಇತ್ತು.’

ಬಸ್ಸು ಬಂತು. ಅವಳು ಬ್ಯಾಗು ಎತ್ತಿ ಕೊಟ್ಟಳು, ನಾನು ಹತ್ತಿ ಕೂತೆ.